ಓಲೆಕಟ್ಟು, ಕಡತ, ಕೈಫಿಯತ್ತು, ಕಚೇರಿ: ಕನ್ನಡ ನಾಡಿನ ಹಳೆಯ ದಾಖಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದ ಮೇಲೆ ಸಿಕ್ಕ ಓಲೆಗಂಟು, ಅಜ್ಜನ ಪೆಟ್ಟಿಗೆಯಲ್ಲಿದ್ದ ಮೋಡಿ (ಮರಾಠಿಯ ಹಳೆಯ ಓಟದ ಲಿಪಿ) ಕಾಗದ, ಊರ ದೇವಸ್ಥಾನದ ಮಾನ್ಯದ (ಕಂದಾಯ ಬಿಟ್ಟುಕೊಟ್ಟ) ಜಮೀನು. ಹೆಚ್ಚಿನವರು ಇವುಗಳಲ್ಲಿ ಒಂದನ್ನು ಹಿಡಿದುಕೊಂಡೇ ಪ್ರಶ್ನೆ ಕೇಳುತ್ತಾರೆ. ಹಳೆಯ ದಾಖಲೆ ಎಲ್ಲಿ ಸಿಕ್ಕೀತು, ಎಷ್ಟು ನಂಬಬಹುದು ಎಂಬುದು ಅದನ್ನು ಯಾರು, ಯಾತಕ್ಕೆ ಇಟ್ಟುಕೊಂಡಿದ್ದರು ಎಂಬುದರ ಮೇಲೆ ನಿಂತಿದೆ. ಕೆಳಗಿನ ಉತ್ತರಗಳನ್ನು ಆ ನೆಲೆಯಿಂದ ಬರೆದಿದೆ.

ಬ್ರಿಟಿಷರಿಗಿಂತ ಮೊದಲು ನಮ್ಮಲ್ಲಿ ಗ್ರಂಥಾಲಯಗಳಿದ್ದವೇ?

ಇದ್ದವು. ಅವನ್ನು ನೋಡಿಕೊಳ್ಳಲೆಂದೇ ನೇಮಕವಾದವರೂ ಇದ್ದರು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ನಡೆಯಲು ಏರ್ಪಾಡು ಮಾಡಿದ. ವೇದ ಓದುವವರು 200, ಶಾಸ್ತ್ರ ಓದುವವರು 52, ಕಲಿಸುವವರು ಆರು, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು. ಕಲಿಸುವವರು ಎಷ್ಟು ಮಂದಿಯೋ ಭಂಡಾರಿಗರೂ ಅಷ್ಟೇ ಮಂದಿ! ಇಂದಿನ ಯಾವ ಕಾಲೇಜಿನ ಲೈಬ್ರರಿಗೂ ಈ ಭಾಗ್ಯವಿಲ್ಲ. ಅಷ್ಟು ಜನ ಯಾಕೆ ಬೇಕಿತ್ತೆಂದರೆ, ಓಲೆಯನ್ನು ಒಮ್ಮೆ ಬರೆದಿಟ್ಟು ಮರೆಯುವಂತಿಲ್ಲ. ಬಿಚ್ಚಿ ಗಾಳಿಗಿಡಬೇಕು, ಹುಳ ನೋಡಬೇಕು, ಸವೆದದ್ದನ್ನು ಪ್ರತಿ ಮಾಡಿಸಬೇಕು.

ಶೃಂಗೇರಿ ಮಠದ ಪುಸ್ತಕ ಭಂಡಾರದ ಜೀರ್ಣೋದ್ಧಾರಕ್ಕೆಂದು ಪುರಾಣಿಕ ಕವಿ ಕೃಷ್ಣಭಟ್ಟನಿಗೆ ವಿಜಯನಗರದ ಎರಡನೆಯ ಬುಕ್ಕ ಭೂಮಿ ಕೊಟ್ಟ ಶಾಸನ 1406ರದು. ಜೈನರಲ್ಲಂತೂ ಶಾಸ್ತ್ರದಾನ ನಾಲ್ಕು ದಾನಗಳಲ್ಲಿ ಒಂದು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದು ಈ ಸಂಪ್ರದಾಯದಿಂದಲೇ.

ಆದರೆ ಯಾರು ಬೇಕಾದರೂ ಬಂದು ಓದುವ ಜಾಗಗಳು ಇವಾಗಿರಲಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಹನ್ನೆರಡನೆಯ ಶತಮಾನದ ಓಲೆಪ್ರತಿಗಳನ್ನು ಭಕ್ತರು ದೂರದಿಂದ ದರ್ಶನ ಮಾಡುತ್ತಿದ್ದರು, ಅಷ್ಟೇ. ಅಚ್ಚಿನಲ್ಲಿ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಅದು ಉಳಿದದ್ದು ಆ ಬಿಗಿಯಿಂದಲೇ ಎನ್ನುವವರಿದ್ದಾರೆ. ಅಷ್ಟು ಕಾಲ ಓದಿನಿಂದ ದೂರ ಉಳಿದದ್ದೂ ಆ ಬಿಗಿಯಿಂದಲೇ.

ಓಲೆಗರಿಯನ್ನು ಹೇಗೆ ತಯಾರಿಸುತ್ತಿದ್ದರು?

ಎರಡು ಮರಗಳ ಗರಿ ಬಳಕೆಯಲ್ಲಿತ್ತು. ಒಂದು ಶ್ರೀತಾಳೆ: ಗರಿ ಅಗಲ, ತೆಳು, ಬಾಗಿದರೆ ಮುರಿಯದು. ಇನ್ನೊಂದು ಸಾಮಾನ್ಯ ತಾಳೆ: ಗರಿ ಕಿರಿದು, ದಪ್ಪ, ಒಣಗಿದರೆ ಚಟ್ಟನೆ ಮುರಿಯುತ್ತದೆ. ಶ್ರೀತಾಳೆ ಮರ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಜಾತಿ. ಕರಾವಳಿ, ಮಲೆನಾಡಿನ ಅಂಚಿನಲ್ಲಿ ಬಿಟ್ಟರೆ ಸುಲಭಕ್ಕೆ ಸಿಗದು. ಹಾಗಾಗಿ ಬಯಲುಸೀಮೆಯ ಕಟ್ಟುಗಳಲ್ಲಿ ತಾಳೆಯೇ ಹೆಚ್ಚು.

ಇನ್ನೂ ಬಿಚ್ಚಿಕೊಳ್ಳದ ಎಳೆಯ ಸುಳಿಗರಿಯನ್ನು ಕಡಿದು, ನಡುವಿನ ಕಡ್ಡಿ ತೆಗೆದು, ಎಸಳುಗಳನ್ನು ಸುರುಳಿ ಮಾಡಿ ನೀರಲ್ಲಿ ಬೇಯಿಸುತ್ತಿದ್ದರು. ಹುಳ ಬಾರದಿರಲೆಂದು ನೀರಿಗೆ ಅರಿಸಿನ ಹಾಕುವುದಿತ್ತು. ಆಮೇಲೆ ನೆರಳಲ್ಲಿ ಒಣಗಿಸುವುದು. ಬಿಸಿಲಿಗೆ ಹಾಕಿದರೆ ಗರಿ ಸೊಟ್ಟಗಾಗುತ್ತದೆ. ಒಣಗಿದ ಗರಿಯನ್ನು ನಯವಾದ ಕಲ್ಲಿನಿಂದಲೋ ಶಂಖದಿಂದಲೋ ಉಜ್ಜಿ ಮೆರುಗು ಕೊಟ್ಟು, ಒಂದೇ ಅಳತೆಗೆ ಕತ್ತರಿಸಿ, ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಒಂದೋ ಎರಡೋ ತೂತು ಮಾಡುತ್ತಿದ್ದರು. ಸುಟ್ಟು ಮಾಡಿದ ತೂತಿನ ಅಂಚು ಸೀಳುವುದಿಲ್ಲ.

ಬರವಣಿಗೆ ಕಬ್ಬಿಣದ ಕಂಠದಿಂದ, ಅಂದರೆ ಮೊನಚಾದ ಲೇಖನಿಯಿಂದ. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಠ. ಎಡ ಹೆಬ್ಬೆರಳು ಕಂಠವನ್ನು ಹಿಂದಿನಿಂದ ತಳ್ಳಿಕೊಡುತ್ತದೆ, ಗರಿ ಎಡಕ್ಕೆ ಸರಿಯುತ್ತ ಹೋಗುತ್ತದೆ. ಕೊರೆದ ಅಕ್ಷರ ಆಗ ಕಣ್ಣಿಗೆ ಕಾಣುವುದೇ ಇಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರೆಸಿದಾಗ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಎದ್ದು ಬರುತ್ತದೆ. ಗರಿಯ ನಾರಿನ ಉದ್ದಕ್ಕೆ ನೇರ ಗೀಟು ಎಳೆದರೆ ಅಲ್ಲೇ ಸೀಳುತ್ತದೆ; ನಮ್ಮ ಅಕ್ಷರಗಳು ದುಂಡಗಾದದ್ದು ಇದರಿಂದ ಎಂದು ಹೇಳುವುದುಂಟು. ಮೂಡುಬಿದಿರೆಯ ಪ್ರತಿಗಳು ಈ ಪದ್ಧತಿಗೆ ಹೊರತು. ಅವು ಶ್ರೀತಾಳೆಯ ಮೇಲೆ ಶಾಯಿಯಲ್ಲಿ ಬರೆದವು, ಚಿತ್ರಗಳೂ ಇವೆ.

ಮನೆಯಲ್ಲಿ ಓಲೆಕಟ್ಟು ಸಿಕ್ಕಿದೆ. ಮೊದಲು ಏನು ಮಾಡಬೇಕು?

ಮೊದಲು ಏನನ್ನೂ ಒರೆಸಬೇಡಿ, ಬಿಸಿಲಿಗಿಡಬೇಡಿ, ದಾರ ಎಳೆಯಬೇಡಿ. ಹಾಳಾಗುವುದು ಹೆಚ್ಚಾಗಿ ಸಿಕ್ಕಿದ ಮೊದಲ ದಿನವೇ, ಉತ್ಸಾಹದಲ್ಲಿ.

ಸಿಕ್ಕ ಸ್ಥಿತಿಯಲ್ಲೇ ಕಟ್ಟಿನ ಫೋಟೊ ತೆಗೆಯಿರಿ: ಮೇಲಿನ ಮರದ ಹಲಗೆ, ದಾರದ ಗಂಟು, ಸುತ್ತಿದ್ದ ಬಟ್ಟೆ ಎಲ್ಲವೂ ಇರಲಿ. ಬಟ್ಟೆಯ ಮೇಲೋ ಹಲಗೆಯ ಮೇಲೋ ಗ್ರಂಥದ ಹೆಸರು ಇರುವುದುಂಟು. ಆಮೇಲೆ ಅಗಲವಾದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ದಾರವನ್ನು ಸಡಿಲಿಸಿ ಗರಿಗಳನ್ನು ಇದ್ದ ಕ್ರಮದಲ್ಲೇ ಒಂದೊಂದಾಗಿ ತಿರುವಿ. ಗರಿಯ ಸಂಖ್ಯೆ ಸಾಮಾನ್ಯವಾಗಿ ಎಡ ಅಂಚಿನಲ್ಲಿ ಕನ್ನಡ ಅಂಕಿಯಲ್ಲಿರುತ್ತದೆ. ಕ್ರಮ ತಪ್ಪಿದ್ದರೆ ತಕ್ಷಣ ಸರಿಮಾಡಲು ಹೋಗಬೇಡಿ. ಒಂದು ಕಟ್ಟಿನಲ್ಲಿ ಎರಡು ಮೂರು ಗ್ರಂಥಗಳು ಸೇರಿರುವುದು ಸಾಮಾನ್ಯ, ಎರಡಕ್ಕೂ ಒಂದೇ ಸಂಖ್ಯೆ ಬಂದಿರಬಹುದು.

ಧೂಳಿಗೆ ಮೃದುವಾದ ಒಣ ಕುಂಚ ಸಾಕು. ನಾರಿನ ದಿಕ್ಕಿನಲ್ಲೇ, ಎಡದಿಂದ ಬಲಕ್ಕೆ ಆಡಿಸಿ. ಗರಿಗಳು ಅಂಟಿಕೊಂಡಿದ್ದರೆ ಉಗುರು ಹಾಕಿ ಬಿಡಿಸಬೇಡಿ. ಮೇಲ್ಪದರ ಕಿತ್ತು ಬಂದರೆ ಅಕ್ಷರವೂ ಹೋಯಿತು. ಆ ಕೆಲಸ ಸಂರಕ್ಷಣೆ ಬಲ್ಲವರದು. ಮುರಿದ ತುಂಡುಗಳನ್ನು ಅದೇ ಗರಿಯ ಜೊತೆ ಒಂದು ಕಾಗದದ ಲಕೋಟೆಯಲ್ಲಿಡಿ. ಸೆಲ್ಲೋಟೇಪು ಮುಟ್ಟಿಸಲೇಬೇಡಿ. ನಾಲ್ಕು ವರ್ಷಕ್ಕೆ ಟೇಪು ಹಳದಿಯಾಗಿ ಉದುರುತ್ತದೆ, ಅಂಟು ಗರಿಯಲ್ಲೇ ಉಳಿಯುತ್ತದೆ.

ಎಣ್ಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಂಸ್ಥೆಗಳಲ್ಲಿ ಮಜ್ಜಿಗೆಹುಲ್ಲಿನ ಎಣ್ಣೆಯನ್ನೋ ಸಿಟ್ರೊನೆಲ್ಲಾ ಎಣ್ಣೆಯನ್ನೋ ತೀರ ತೆಳುವಾಗಿ ಸವರಿ ಗರಿಯ ಬಳುಕು ಮರಳಿಸುವುದು ನಿಜ. ಅದು ಕಂಠದಿಂದ ಕೊರೆದ ಗರಿಗೆ ಮಾತ್ರ. ಶಾಯಿಯಲ್ಲಿ ಬರೆದದ್ದಕ್ಕೆ ಹಚ್ಚಿದರೆ ಬರಹ ಹರಡಿಹೋಗುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಯಾವುದಕ್ಕೂ ಬೇಡ. ಜಿಡ್ಡು ಧೂಳು ಹಿಡಿಯುತ್ತದೆ, ಧೂಳಿಗೆ ಬೂಷ್ಟು ಬರುತ್ತದೆ.

ಕೊನೆಗೆ ಗರಿಗಿಂತ ತುಸು ದೊಡ್ಡ ಎರಡು ಹಲಗೆಗಳ ನಡುವೆ ಇಟ್ಟು, ಹತ್ತಿ ದಾರದಿಂದ ಕಟ್ಟಿ, ಒಗೆದ ಹತ್ತಿ ಬಟ್ಟೆ ಸುತ್ತಿ. ಬಜೆ ಬೇರಿನ ಪುಡಿಯನ್ನು ಬಟ್ಟೆಗಂಟಿನಲ್ಲಿ ಕಟ್ಟಿ ಪಕ್ಕದಲ್ಲಿಡಬಹುದು, ಗರಿಯ ಮೇಲೆ ಉದುರಿಸಬಾರದು. ಕಟ್ಟು ಸಡಿಲವಾದರೆ ಗರಿ ಗರಿಗೆ ಉಜ್ಜಿ ಅಂಚು ಸವೆಯುತ್ತದೆ. ಲಿಪಿಕಾರರು ಹಸ್ತಪ್ರತಿಗಳ ಕೊನೆಯಲ್ಲಿ ಬರೆಯುತ್ತಿದ್ದ ಶ್ಲೋಕವೊಂದು ಇದನ್ನೇ ಹೇಳುತ್ತದೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ.

ಓಲೆಗರಿ ಎಷ್ಟು ವರ್ಷ ಬಾಳುತ್ತದೆ? ಅಟ್ಟದ ಮೇಲಿದ್ದದ್ದು ಇಷ್ಟು ದಿನ ಹೇಗೆ ಉಳಿಯಿತು?

ಮೂಡುಬಿದಿರೆಯಂಥ ಅಪರೂಪಗಳನ್ನು ಬಿಟ್ಟರೆ, ನಮ್ಮ ಹವೆಯಲ್ಲಿ ಮುನ್ನೂರು ನಾನೂರು ವರ್ಷ ಬಾಳಿದರೆ ದೊಡ್ಡದು. ಹೀಗಾಗಿ ಪಂಪನ ಕಾಲದ ಓಲೆಯಲ್ಲಿ ಪಂಪನ ಕಾವ್ಯ ನಮಗೆ ಸಿಗದು. ಸಿಗುವುದು ಪ್ರತಿಯ ಪ್ರತಿಯ ಪ್ರತಿ. ಕಾವ್ಯ ಉಳಿದದ್ದು ಯಾರೋ ಮತ್ತೆ ಮತ್ತೆ ಬರೆಸಿದ್ದರಿಂದ.

ಅಟ್ಟದ ಕೆಳಗೆ ಸೌದೆ ಒಲೆ ಇರುತ್ತಿತ್ತು. ಹೊಗೆ ಹುಳವನ್ನು ದೂರವಿಡುತ್ತಿತ್ತು, ಒಲೆಯ ಕಾವು ಮಳೆಗಾಲದ ತೇವ ಹೀರುತ್ತಿತ್ತು. ಗ್ಯಾಸ್ ಬಂದ ಮೇಲೆ ಅದೇ ಅಟ್ಟ ಗೆದ್ದಲಿನ ಮನೆಯಾಗಬಹುದು. ಹಳೆಯ ಜಾಗವೆಂಬ ಭರವಸೆಯಲ್ಲಿ ಅಲ್ಲೇ ಬಿಡಬೇಡಿ.

ಕಡತ ಎಂದರೆ ಈಗಿನ ಫೈಲೇ?

ಈಗ ಕಚೇರಿಯಲ್ಲಿ ಹಾಗೆ ಬಳಸುತ್ತೇವೆ. ಹಳೆಯ ಕಡತ ಬಟ್ಟೆಯದು. ದಪ್ಪ ಹತ್ತಿ ಬಟ್ಟೆಯ ಎರಡೂ ಬದಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಲ ಪುಡಿ ಬಳಿದು, ಒಣಗಿಸಿ, ಉಜ್ಜಿ, ಹಿಂದೆ ಮುಂದೆ ಮಡಿಕೆ ಹಾಕುತ್ತಿದ್ದರು. ಎರಡು ತುದಿಗೂ ಮರದ ರಟ್ಟು. ಬರೆಯುವುದು ಬಳಪದಿಂದ, ಕಪ್ಪಿನ ಮೇಲೆ ಬಿಳಿ ಅಕ್ಷರ.

ಇದರ ಗುಣವೇ ಇದರ ದೋಷ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ದಿನದ ಲೆಕ್ಕಕ್ಕೆ, ಅಂಗಡಿಗೆ, ಮಠದ ಆಯವ್ಯಯಕ್ಕೆ ಹೇಳಿಮಾಡಿಸಿದ್ದು. ಆದರೆ ಜಮೀನಿನ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ತಂದರೆ, ಅಳಿಸಿ ಬರೆದದ್ದಲ್ಲವೆಂದು ತೋರಿಸುವುದು ಹೇಗೆ? ಇಂಗ್ಲಿಷ್ ಅಧಿಕಾರಿಗಳಿಗೆ ಕಡತದ ಮೇಲೆ ನಂಬಿಕೆ ಹುಟ್ಟದಿದ್ದುದಕ್ಕೆ ಇದೂ ಒಂದು ಕಾರಣ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಗೆ ದೊಡ್ಡ ಆಕರ. ಮನೆಯಲ್ಲಿ ಕಡತವಿದ್ದರೆ ಒಂದೇ ನಿಯಮ: ಒದ್ದೆ ಕೈಯಲ್ಲಿ ಮುಟ್ಟಬೇಡಿ. ಬಳಪದ ಬರಹ ಬೆರಳ ಬೆವರಿಗೂ ಅಳಿಯುತ್ತದೆ.

ಊರಿನ ಲೆಕ್ಕಪತ್ರ ಯಾರ ಬಳಿ ಇರುತ್ತಿತ್ತು?

ಶ್ಯಾನುಭೋಗರ ಮನೆಯಲ್ಲಿ, ಉತ್ತರದ ಕಡೆ ಕುಲಕರ್ಣಿಯ ಮನೆಯಲ್ಲಿ. ಶಾಸನಗಳಲ್ಲಿ ಬರುವ ಸೇನಬೋವನೇ ಇವರ ಪೂರ್ವಜ. ಹುದ್ದೆ ವಂಶಪಾರಂಪರ್ಯ, ಪ್ರತಿಫಲವಾಗಿ ಮಾನ್ಯದ ಭೂಮಿ. ಯಾರ ಹೊಲ ಎಲ್ಲಿ, ಎಷ್ಟು ಕಂದಾಯ, ಯಾರು ಎಷ್ಟು ಬಾಕಿ, ಯಾವ ಕೆರೆಗೆ ಯಾವ ತೂಬು ಎಲ್ಲವೂ ಆ ಮನೆಯ ಪೆಟ್ಟಿಗೆಯಲ್ಲಿ, ಅರ್ಧ ಆ ಮನುಷ್ಯನ ತಲೆಯಲ್ಲಿ.

ಅಳತೆ ನೆಲದ್ದಾಗಿರಲಿಲ್ಲ, ಬಿತ್ತನೆಯದಾಗಿತ್ತು. ಒಂದು ಖಂಡುಗ ಬೀಜ ಬಿತ್ತುವ ನೆಲ ಒಂದು ಖಂಡುಗದ ಗದ್ದೆ. ಖಂಡುಗಕ್ಕೆ 20 ಕೊಳಗ. ಕೊಳಗದ ಗಾತ್ರವೇ ಊರಿಂದೂರಿಗೆ ಬೇರೆ. ಗದ್ದೆಯ ಖಂಡುಗ ಬೇರೆ, ಹೊಲದ ಖಂಡುಗ ಬೇರೆ. ಹಳೆಯ ಪತ್ರದ ಖಂಡುಗವನ್ನು ಎಕರೆಗೆ ತಿರುಗಿಸಿಕೊಡಿ ಎಂದು ಕೇಳುವವರಿಗೆ ಒಂದೇ ಉತ್ತರ ಕೊಡಲಾಗದು. ಅದೇ ಊರಿನ ಅದೇ ಜಮೀನಿನ ಸರ್ವೆ ವಿಸ್ತೀರ್ಣ ಸಿಕ್ಕರೆ ಮಾತ್ರ ಹೋಲಿಸಿ ಹೇಳಬಹುದು. ಲೆಕ್ಕದಲ್ಲಿ ಬರುವ ಭಿನ್ನರಾಶಿಗಳನ್ನೂ ತಿಳಿದಿರಿ: ಹಾಗ ಎಂದರೆ ಕಾಲು, ಮುಪ್ಪಾಗ ಎಂದರೆ ಮುಕ್ಕಾಲು, ವೀಸ ಎಂದರೆ ಹದಿನಾರನೆಯ ಒಂದು ಪಾಲು.

ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದುಮಾಡುವ ಕಾನೂನು 1961ರಲ್ಲಿ ಆಗಿ 1963ರಲ್ಲಿ ಜಾರಿಗೆ ಬಂತು. ದಾಖಲೆಗಳನ್ನು ಗ್ರಾಮಲೆಕ್ಕಿಗರಿಗೆ ಒಪ್ಪಿಸಬೇಕಾಯಿತು. ಒಪ್ಪಿಸಿದ್ದು ಸರ್ಕಾರಿ ರಿಜಿಸ್ಟರುಗಳನ್ನು. ಮನೆತನದ ಓಲೆ, ಕಡತ, ಖಾಸಗಿ ಟಿಪ್ಪಣಿಗಳನ್ನು ಯಾರೂ ಕೇಳಲಿಲ್ಲ. ಇಂದಿಗೂ ಹಳೆ ಶ್ಯಾನುಭೋಗರ ಮನೆಗಳಲ್ಲಿ ಅವು ಸಿಗುವುದು ಅದಕ್ಕೇ.

ತಾಮ್ರಪಟ ಸಿಕ್ಕರೆ ಅದು ಪಕ್ಕಾ ದಾಖಲೆ ಅಲ್ಲವೇ?

ಅಲ್ಲದಿರಬಹುದು. ತಾಮ್ರಪಟ ಎಂದರೆ ಒಂದರ್ಥದಲ್ಲಿ ದಾನ ಪಡೆದವರ ಕೈಯಲ್ಲಿರುವ ಹಕ್ಕುಪತ್ರ. ಉಂಗುರ ಹಾಕಿ, ರಾಜಮುದ್ರೆ ಒತ್ತಿ, ಕೊನೆಗೆ ದತ್ತಿ ಕಿತ್ತವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳವಾಗಿ ಹುಟ್ಟುತ್ತಾನೆಂಬ ಶಾಪ ಬರೆದಿದ್ದರೂ, ಹಕ್ಕು ಸಾಧಿಸಲು ಮುಂದಿನವರು ಹುಟ್ಟಿಸಿದ ಕೂಟಶಾಸನಗಳು ಬೇಕಾದಷ್ಟಿವೆ. ಗಂಗರ ಎಷ್ಟೋ ತಾಮ್ರಪಟಗಳನ್ನು ಶಾಸನತಜ್ಞರಲ್ಲಿ ಜೆ.ಎಫ್. ಫ್ಲೀಟ್ ನಕಲಿ ಎಂದರೆ ಬಿ.ಎಲ್. ರೈಸ್ ಸಾಚಾ ಎಂದು ವಾದಿಸಿದರು. ಆ ಜಗಳ ವರ್ಷಗಟ್ಟಲೆ ನಡೆಯಿತು. ಪರೀಕ್ಷೆ ಮೂರು ಕಡೆಯಿಂದ: ಅಕ್ಷರದ ರೂಪ ಹೇಳಿದ ಕಾಲಕ್ಕೆ ಹೊಂದುತ್ತದೆಯೇ, ತಿಥಿ ವಾರ ಗ್ರಹಣ ಪಂಚಾಂಗಕ್ಕೆ ಕೂಡುತ್ತವೆಯೇ, ಆ ರಾಜನ ಬಿರುದುಗಳು ಆ ವರ್ಷಕ್ಕೆ ಬಂದಿದ್ದವೇ.

ಕಲ್ಲಿನ ಶಾಸನ ಇದಕ್ಕಿಂತ ನಂಬಿಕಸ್ಥ. ಎಲ್ಲರ ಕಣ್ಣೆದುರು ನಿಂತದ್ದನ್ನು ತಿದ್ದುವುದು ಕಷ್ಟ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ 1886ರಿಂದ 12 ಸಂಪುಟಗಳಲ್ಲಿ ಬಂದು, ಕೊಡಗು ಮತ್ತು ಹಳೆ ಮೈಸೂರಿನ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿತು. ನಿಮ್ಮ ಊರಿನ ಹುಡುಕಾಟ ಅಲ್ಲಿಂದಲೇ ಶುರುವಾಗಲಿ. ಕಲ್ಲಿನ ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ಓದುವ ಚಟ ಬಿಡಿ. ನಿಮ್ಮ ಊಹೆಯೇ ಅಕ್ಷರವಾಗಿಬಿಡುತ್ತದೆ.

ಟಿಪ್ಪುವಿನ ಗ್ರಂಥಾಲಯ ಏನಾಯಿತು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸುಮಾರು 2,000 ಸಂಪುಟಗಳಿದ್ದವು. ಹೆಚ್ಚಿನವು ಪಾರಸಿ, ಅರಬ್ಬಿ ಹಸ್ತಪ್ರತಿಗಳು. ದೊಡ್ಡ ಪಾಲು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಚಾರ್ಲ್ಸ್ ಸ್ಟುವರ್ಟ್ ತಯಾರಿಸಿದ ಪಟ್ಟಿ 1809ರಲ್ಲಿ ಅಚ್ಚಾಯಿತು. ಆಮೇಲೆ ಅವು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೂ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಗೂ ಹಂಚಿಹೋದವು. ಟಿಪ್ಪು ತನ್ನ ಕೈಯಾರೆ ಬರೆದಿಟ್ಟ ಕನಸುಗಳ ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಮ್ಮಲ್ಲಿ ಉಳಿದದ್ದು ಬಹಳ ಕಡಿಮೆ.

ಕೈಫಿಯತ್ತು ಎಂದರೇನು? ನಮ್ಮ ಊರಿನದು ಇದೆಯೇ?

ಟಿಪ್ಪುವಿನ ನಂತರ ಮೈಸೂರಿನ ಸರ್ವೆಗೆ ಬಂದ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಜಿ ನಕಾಶೆ ಬರೆಯುವುದರ ಜೊತೆಗೆ ಊರೂರಿನ ವೃತ್ತಾಂತ ಬರೆಸಿಕೊಂಡ. ಕೆರೆ, ಕೋಟೆ, ಪಾಳೆಯಗಾರರ ವಂಶಾವಳಿ, ದೇವಸ್ಥಾನದ ಮಾನ್ಯ, ಸ್ಥಳಪುರಾಣ ಸೇರಿದ ಈ ವರದಿಗಳೇ ಕೈಫಿಯತ್ತುಗಳು. ಊರೂರು ತಿರುಗಿದ್ದು ಅವನ ಸಹಾಯಕರು. ಕಾವಲಿ ವೆಂಕಟ ಬೊರಯ್ಯ, ಅವನು 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ. ಹಳಗನ್ನಡದ ಶಾಸನ ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿಯ ಪಕ್ಕ ಧರ್ಮಯ್ಯ ಓಲೆಗರಿ ಹಿಡಿದು ನಿಂತಿದ್ದಾನೆ, ಹಿಂದೆ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ.

ಮೆಕೆಂಜಿ 1821ರಲ್ಲಿ ಸತ್ತಾಗ 1,568 ಸಾಹಿತ್ಯಕ ಹಸ್ತಪ್ರತಿ, 2,070 ಸ್ಥಳೀಯ ವೃತ್ತಾಂತ, 8,076 ಶಾಸನಗಳ ನಕಲು ಕೂಡಿದ್ದವು. ಕಂಪನಿ ಅವನ ಹೆಂಡತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಮಾಡಿದ. ಆಮೇಲೆ ಒಂದಷ್ಟು ಲಂಡನ್ನಿಗೆ, ದಕ್ಷಿಣದ ಭಾಷೆಗಳದ್ದು ಮದ್ರಾಸಿಗೆ ಹೋಯಿತು. ಕನ್ನಡ ಕೈಫಿಯತ್ತುಗಳನ್ನು ಇಂದು ನೋಡಬೇಕಾದದ್ದು ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ. ಅನೇಕವು ಕನ್ನಡದಲ್ಲಿ ಅಚ್ಚಾಗಿಯೂ ಇವೆ.

ಬಳಸುವಾಗ ಎಚ್ಚರ. ಸರ್ಕಾರದ ಮನುಷ್ಯ ಬಂದು ಮಾನ್ಯದ ಮೂಲ ಕೇಳುತ್ತಿರುವಾಗ ಊರಿನವರು ಕೊಟ್ಟ ಉತ್ತರ ಅದು. ಮಾನ್ಯ ಉಳಿಯಬೇಕೆಂಬ ಆಸೆ ಪ್ರತಿ ಸಾಲಿನಲ್ಲೂ ಇರುತ್ತದೆ; ದೇವಸ್ಥಾನ ಜನಮೇಜಯನ ಕಾಲಕ್ಕೆ ಹೋಗುವುದು ಸುಮ್ಮನೆ ಅಲ್ಲ. 1700ರ ಈಚಿನ ಸಂಗತಿಗಳಿಗೆ ಕೈಫಿಯತ್ತು ಒಳ್ಳೆಯ ಸಾಕ್ಷಿ. ಅದರ ಹಿಂದಿನದಕ್ಕೆ ಶಾಸನದ ಜೊತೆ ಇಟ್ಟು ನೋಡದೆ ನಂಬಬೇಡಿ.

ಬ್ರಿಟಿಷರ ಕಾಲದಲ್ಲಿ ಬದಲಾದದ್ದು ಏನು? ಬರೀ ಕಾಗದ ಹೆಚ್ಚಾಯಿತೇ?

ಕಾಗದ ಹೆಚ್ಚಿತು, ಅದಕ್ಕಿಂತ ಮುಖ್ಯವಾಗಿ ದಾಖಲೆ ಮನೆಯಿಂದ ಕಚೇರಿಗೆ ಹೋಯಿತು. ಮುಂಬಯಿ ಕರ್ನಾಟಕದಲ್ಲಿ 1852ರ ಕಾನೂನಿನ ಬಲದಿಂದ ಇನಾಂ (ದತ್ತಿಯಾಗಿ ಬಂದ ಭೂಮಿ) ಕಮಿಷನ್ ಮನೆಮನೆಯ ಸನದು, ಅಂದರೆ ಹಕ್ಕುಪತ್ರ, ತರಿಸಿ ನೋಡಿತು. ಕಾಗದ ಸಾಲದಾದರೆ ಇನಾಂ ಹೋಯಿತು. ಹಿಂದೆ ಊರವರ ಮಾತು, ದೇವರ ಮೇಲಿನ ಆಣೆ, ಹಿರಿಯರ ನೆನಪು ನಡೆಯುತ್ತಿದ್ದ ಕಡೆ ಈಗ ಕಾಗದವೇ ಪ್ರಮಾಣ. ದಕ್ಷಿಣ ಮರಾಠಾ ಸೀಮೆಯ ಅಸಮಾಧಾನಕ್ಕೂ 1858ರ ನರಗುಂದದ ದಂಗೆಗೂ ಇದರ ನಂಟಿದೆ.

ಇನ್ನೊಂದು, ಸರ್ವೆ. ಧಾರವಾಡ ಕಡೆ ಮುಂಬಯಿ ಪದ್ಧತಿಯಲ್ಲಿ, ಮೈಸೂರಿನಲ್ಲಿ 1863ರಿಂದ. ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಎಕರೆ. ಹೊಲದ ನಡುವೆ ಒಂದು ನೇರ ಗೆರೆ ಹಿಡಿದು, ಅದರಿಂದ ಎರಡೂ ಬದಿಯ ಮೂಲೆಗಳಿಗೆ ಅಡ್ಡ ಅಳತೆ ತೆಗೆದು ಬರೆದ ಪುಟವೇ ಟಿಪ್ಪಣಿ. ಇಂದು ನಿಮ್ಮ ಬದು ಒತ್ತುವರಿಯಾಗಿದೆಯೇ ಎಂದು ಅಳೆಯಲು ಬರುವ ಸರ್ವೇಯರ್ ಕೈಯಲ್ಲಿ ಇರುವುದು ಇದೇ. ಟಿಪ್ಪಣಿಯಲ್ಲಿ ‘5–8’ ಎಂದಿದ್ದರೆ 5 ಸರಪಳಿ 8 ಆಣೆ, ಅಂದರೆ ಐದೂವರೆ ಸರಪಳಿ. ಇದನ್ನು 5.8 ಎಂದು ಓದಿ ಲೆಕ್ಕ ತಪ್ಪಿಸಿಕೊಂಡವರು ಬಹಳ.

ವಸಾಹತು ಕಚೇರಿಗಳು ದಾಖಲೆ ಇಟ್ಟಷ್ಟೇ ಶಿಸ್ತಾಗಿ ಸುಟ್ಟವು ಕೂಡ. ಮದ್ರಾಸ್ ಪ್ರಾಂತದ ಪದ್ಧತಿಯಲ್ಲಿ ಮುಗಿದ ಕಡತದ ಮೇಲೆ ಆರ್. ಡಿಸ್. ಎಂದಿದ್ದರೆ ಶಾಶ್ವತ, ಡಿ. ಡಿಸ್. ಎಂದಿದ್ದರೆ ಹತ್ತು ವರ್ಷ, ಎಲ್. ಡಿಸ್. ಎಂದಿದ್ದರೆ ಒಂದು ವರ್ಷ. ದಕ್ಷಿಣ ಕನ್ನಡ, ಬಳ್ಳಾರಿಯ ಹಳೆಯ ಪತ್ರದಲ್ಲಿ ಉಲ್ಲೇಖಿಸಿದ ಕಡತ ಎಲ್. ಡಿಸ್. ಆಗಿದ್ದರೆ ಅದನ್ನು ಹುಡುಕುತ್ತ ಅಲೆಯಬೇಡಿ.

ನಮ್ಮ ತಾಲ್ಲೂಕಿನ ಹಳೆಯ ಸರ್ಕಾರಿ ದಾಖಲೆ ಎಲ್ಲಿ ಹುಡುಕಬೇಕು?

1956ಕ್ಕೆ ಮೊದಲು ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದೇ ಉತ್ತರ.

ಹಳೆ ಮೈಸೂರು: ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತವಿದ್ದುದರಿಂದ ಆ ಅವಧಿಯ ಪತ್ರಗಳ ಪ್ರತಿಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲೂ ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳಲ್ಲೂ ಇರುತ್ತವೆ.

ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ: ಮುಂಬಯಿ ಪತ್ರಾಗಾರ. 1818ಕ್ಕಿಂತ ಹಿಂದಿನ ಪೇಶ್ವೆಯವರ ಕಾಲದ್ದು ಪುಣೆಯ ಪೇಶವೆ ದಫ್ತರದಲ್ಲಿ, ಬಟ್ಟೆಯಲ್ಲಿ ಕಟ್ಟಿದ ರುಮಾಲುಗಳಲ್ಲಿ. ಅಲ್ಲಿಗೆ ಹೋಗುವ ಮೊದಲು ಮೋಡಿ ಕಲಿಯಿರಿ, ಇಲ್ಲವೇ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ: ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತು. ಕೊಳ್ಳೇಗಾಲ ಅಂದು ಕೊಯಮತ್ತೂರು ಜಿಲ್ಲೆಯದು. ಸೂಚಿಯಲ್ಲಿ ಮೈಸೂರು ಎಂದು ಹುಡುಕಿದರೆ ಸಿಗುವುದಿಲ್ಲ. ಕಾಸರಗೋಡಿನವರಿಗೂ ಹಳೆಯದಕ್ಕೆ ದಕ್ಷಿಣ ಕನ್ನಡದ ಕಡತಗಳೇ ಗತಿ.

ಕಲಬುರಗಿ, ಬೀದರ್, ರಾಯಚೂರು: ಹೈದರಾಬಾದಿನ ತಾರ್ನಾಕದ ಪತ್ರಾಗಾರ. ಭಾಷೆ ಪಾರಸಿ, ಆಮೇಲೆ ಉರ್ದು.

ಪತ್ರದಲ್ಲಿ ಶಕ, ಸಂವತ್ಸರ, ಫಸಲಿ ಇದೆ. ಇಸವಿ ಹೇಗೆ ಕಂಡುಹಿಡಿಯುವುದು?

ಶಕಕ್ಕೆ 78 ಕೂಡಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣದ ದಿನಗಳು ಜನವರಿ 1 ದಾಟಿದ್ದರೆ 79. ಸಂವತ್ಸರ ತಾಳೆ ನೋಡಲು, ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಪ್ರಭವದಿಂದ ಎಣಿಸಿದ ಸಂಖ್ಯೆ. ಉದಾಹರಣೆಗೆ ಶಕ 1946: 1958 ಆಯಿತು, 60ರಿಂದ ಭಾಗಿಸಿದರೆ ಶೇಷ 38, ಅಂದರೆ ಕ್ರೋಧಿ. ಶೇಷ ಸೊನ್ನೆಯಾದರೆ ಅಕ್ಷಯ. ಒಂದು ವರ್ಷ ವ್ಯತ್ಯಾಸ ಬಂದರೆ ಗಾಬರಿ ಬೇಡ: ಬರೆದವನು ಗತಶಕದ (ಕಳೆದ ವರ್ಷಗಳ ಎಣಿಕೆ) ಬದಲು ವರ್ತಮಾನ ಶಕ (ನಡೆಯುತ್ತಿರುವ ವರ್ಷ) ಕೊಟ್ಟಿರಬಹುದು. ಆಗ ಸಂವತ್ಸರವನ್ನೇ ನಂಬಿ, ಅದರಲ್ಲಿ ತಪ್ಪುವುದು ಅಪರೂಪ. ಸಂವತ್ಸರ ಮಾತ್ರ ಇದ್ದು ಶಕವಿಲ್ಲದಿದ್ದರೆ 60 ವರ್ಷಕ್ಕೊಂದು ಸಾಧ್ಯತೆ. ಕಾಗದ, ಹೆಸರು, ನಾಣ್ಯ ನೋಡಿ ತೀರ್ಮಾನಿಸಬೇಕು.

ಮದ್ರಾಸ್ ಕಡೆಯ ಫಸಲಿಗೆ (ಕಂದಾಯದ ವರ್ಷ) 590 ಕೂಡಿಸಿ. ವರ್ಷ ಜುಲೈ 1ಕ್ಕೆ ಶುರು. ಫಸಲಿ 1300 ಎಂದರೆ 1890ರ ಜುಲೈಯಿಂದ 1891ರ ಜೂನ್. ಮರಾಠಿ ಪತ್ರಗಳ ಸುಹೂರ್ ಸನ್ನಿಗೆ 599, ಅದು ಮೃಗಶಿರಾ ಮಳೆಗೆ ಶುರುವಾಗುವ ವರ್ಷ. ಜನವರಿ 1 ದಾಟಿದರೆ 600. ಟಿಪ್ಪು 1787ರ ಸುಮಾರಿಗೆ ತಂದ ಮೌಲೂದಿ ವರ್ಷಕ್ಕೆ 572. ಅವನ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಅಕ್ಷರ ಕನ್ನಡವೇ, ಆದರೂ ಓದಲಾಗುತ್ತಿಲ್ಲ. ಯಾಕೆ?

ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ. ಎ ಏ, ಒ ಓ ವ್ಯತ್ಯಾಸ ತೋರಿಸುತ್ತಿರಲಿಲ್ಲ. ಕೊಡು, ಕೋಡು ಯಾವುದೆಂದು ಅರ್ಥದಿಂದಲೇ ಊಹಿಸಬೇಕು. ಹಳೆಯ ಪ್ರತಿಯಾದರೆ ಈಗ ಬಳಕೆ ತಪ್ಪಿದ ಱ, ೞ ಅಕ್ಷರಗಳು ಬರುತ್ತವೆ. ಮೊದಲು ಗೊತ್ತಿರುವ ಗ್ರಂಥದ ಓಲೆಯನ್ನು ಅಚ್ಚುಪುಸ್ತಕ ಪಕ್ಕದಲ್ಲಿಟ್ಟು ಓದಿ ಕೈ ಪಳಗಿಸಿಕೊಳ್ಳಿ. ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಜೈಮಿನಿ ಭಾರತ, ಕುಮಾರವ್ಯಾಸ, ವೈದ್ಯ, ಜ್ಯೋತಿಷ. ಷಟ್ಪದಿಯಾದರೆ ಪ್ರಾಸವೇ ದಾರಿ ತೋರಿಸುತ್ತದೆ.

ಓಲೆಗಳನ್ನು ಸಂಸ್ಥೆಗೆ ಕೊಡುವುದು ಒಳ್ಳೆಯದೇ?

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಕೊಡಿ. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ ಶುರುವಾಗಿದ್ದು ಇದಕ್ಕಾಗಿಯೇ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಅಲ್ಲಿನ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಮೂಲ ಅಚ್ಚಾಯಿತು. ಅದು ಆ ಪಂಡಿತರ ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ. ಮೈಸೂರಿನ ಕನ್ನಡ ಹಸ್ತಪ್ರತಿಗಳು ಈಗ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳೂ ಸಂಗ್ರಹಿಸುತ್ತವೆ.

ಕೊಡುವಾಗ ಗರಿಗಳ ಲೆಕ್ಕ, ಉದ್ದ ಅಗಲ, ಮೊದಲ ಮತ್ತು ಕೊನೆಯ ಸಾಲು ಬರೆದ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ. ಯಾವ ಊರಿನ, ಯಾವ ಮನೆತನದ ಓಲೆ ಎಂಬುದನ್ನು ಸೂಚಿಯಲ್ಲಿ ಬರೆಯಲು ಒತ್ತಾಯಿಸಿ. ಎಷ್ಟೋ ಹಳೆಯ ಸೂಚಿಗಳಲ್ಲಿ ಗ್ರಂಥದ ಹೆಸರಿದೆ, ಊರಿನ ಹೆಸರಿಲ್ಲ. ಚರಿತ್ರೆ ಬರೆಯುವವರಿಗೆ ಅದು ಅರ್ಧ ದಾಖಲೆ.

ಎಲ್ಲರಿಗೂ ತೆರೆದ ಗ್ರಂಥಾಲಯ ಯಾವಾಗ ಬಂತು?

ಮದ್ರಾಸಿನ ಕನ್ನೆಮರಾ 1896ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ್ದು 1915ರ ಹೊತ್ತಿಗೆ. ಹಳ್ಳಿಗಳಿಗೆ ಹರಡಿದ್ದು ಸ್ವಾತಂತ್ರ್ಯದ ನಂತರ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾನೂನಿನಿಂದ. ನೀವು ಆಸ್ತಿ ತೆರಿಗೆ ರಸೀದಿಯಲ್ಲಿ ನೋಡುವ ಗ್ರಂಥಾಲಯ ಕರ ಅದರದ್ದೇ, ಶೇಕಡಾ 6. ಹಳೆಯ ಅಚ್ಚುಪುಸ್ತಕ ಹುಡುಕುವವರು ಮಾತ್ರ ಇನ್ನೊಂದು ಕಾನೂನು ನೆನಪಿಡಬೇಕು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾನೂನಿನಂತೆ ಬ್ರಿಟಿಷ್ ಪ್ರಾಂತಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಮೂರು ತಿಂಗಳಿಗೊಮ್ಮೆ ಪಟ್ಟಿ ಬರುತ್ತಿತ್ತು. 1857ರ ದಂಗೆಯ ನಂತರ ಜನ ಏನು ಓದುತ್ತಿದ್ದಾರೆಂದು ಕಣ್ಣಿಡಲು ಸರ್ಕಾರಕ್ಕೂ ಅದು ಬೇಕಿತ್ತು. ಮಂಗಳೂರು, ಧಾರವಾಡಗಳಲ್ಲಿ ಅಚ್ಚಾಗಿ ಇಲ್ಲಿ ಒಂದೂ ಪ್ರತಿ ಉಳಿಯದ ಕನ್ನಡ ಪುಸ್ತಕ ಲಂಡನ್ನಿನಲ್ಲಿ ಸಿಗುವುದು ಹೀಗೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಏನು ಕೇಳಬೇಕು?

‘ಹಳೇ ದಾಖಲೆ ಕೊಡಿ’ ಎಂದರೆ ಏನೂ ಸಿಗದು. ಹೆಸರು ಹಿಡಿದು ಕೇಳಿ: ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ ಮತ್ತು ಆರ್.ಆರ್. (ಜಮೀನಿನ ಸೂಚಿ ಮತ್ತು ಹಕ್ಕು ದಾಖಲೆ), ಮ್ಯುಟೇಷನ್ (ಹಕ್ಕು ಬದಲಾವಣೆಯ) ರಿಜಿಸ್ಟರ್, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ), ಮೂಲ ಟಿಪ್ಪಣಿ, ಪೋಡಿ (ಸರ್ವೆ ನಂಬರನ್ನು ಪಾಲು ಒಡೆಯುವುದು) ಆಗಿದ್ದರೆ ಹಿಸ್ಸಾ ಟಿಪ್ಪಣಿ. ಕೊನೆಯ ಮೂರು ಸರ್ವೆ ಶಾಖೆಯವು, ಅರ್ಜಿ ಬೇರೆ ಹಾಕಬೇಕು. ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಅಂದು ಚಾಲ್ತಿಯಲ್ಲಿದ್ದ ವಿವರ ಹೋಯಿತು, ಹಿಂದಿನ ಕೈಬರಹದ ಪುಸ್ತಕಗಳು ರೆಕಾರ್ಡ್ ರೂಮಿನಲ್ಲೇ ಉಳಿದವು. 2000ಕ್ಕಿಂತ ಹಿಂದಿನದಕ್ಕೆ ಮೊದಲು ಅಲ್ಲಿಗೇ ಹೋಗಿ.

ಊರಿನ ಹೆಸರನ್ನು ಹೋಬಳಿಯೊಂದಿಗೆ ಬರೆಯಿರಿ. ತಾಲ್ಲೂಕು ಒಡೆದಿದ್ದರೆ ಹಳೆಯ ತಾಲ್ಲೂಕಿನಲ್ಲೂ ಅರ್ಜಿ ಹಾಕಿ. ಹುಡುಕಿದರೂ ಸರ್ವೆ ನಂಬರು ಸಿಗದಿದ್ದರೆ ಆ ಜಮೀನು ಪಕ್ಕದ ಬೇಚರಾಕ್ ಗ್ರಾಮದ ಲೆಕ್ಕದಲ್ಲಿದೆಯೇ ನೋಡಿ. ಪ್ಲೇಗಿಗೋ ಬರಕ್ಕೋ ಹೆದರಿ ಜನ ಬಿಟ್ಟುಹೋದ ಊರಿನಲ್ಲಿ ಮನೆ ಇಲ್ಲದಿದ್ದರೂ ಅದರ ಹೆಸರು, ನಕಾಶೆ, ಪಹಣಿ ಪುಸ್ತಕ ಎಲ್ಲವೂ ಬೇರೆಯಾಗಿಯೇ ಮುಂದುವರಿದಿರುತ್ತವೆ. ಸಿಗಲಿಲ್ಲ ಎಂದರೆ ಬಾಯಿಮಾತಿಗೆ ಒಪ್ಪಬೇಡಿ, ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬರೆಸಿಕೊಳ್ಳಿ. ಮುಂದೆ ಕೋರ್ಟಿನಲ್ಲಿ ಬೇರೆ ಪುರಾವೆ ಹಾಜರುಪಡಿಸುವಾಗ ಆ ಹಿಂಬರಹವೇ ಕೆಲಸಕ್ಕೆ ಬರುತ್ತದೆ.